ಅಪ್ಪ ಅನ್‌ಫಿಟ್ ಆದ ಸಂತೋಷಕ್ಕೆ ಸ್ವೀಟು

ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ (ಕುವೈತ್‌ನಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಅಂದರೆ ನಮ್ಮ ಪಾಲಿನ ಸೋಮವಾರ) ನಾನು ಆಫೀಸಿಗೆ ಬಂದು ಬ್ಯಾಗ್ ಕೆಳಗಿಡುವುದರೊಳಗೆ ರಾಜೇಶಂ ಸ್ವೀಟ್ ಬಾಕ್ಸ್ ಹಿಡಿದು ಟೇಬಲ್ ಮುಂದೆ ನಿಂತಿದ್ದ.

"ಬಾಯಿ ಸೀ ಮಾಡ್ಕೊಳ್ರಿ ಮೇಡಂ."

"ಏನಪ್ಪಾ ವಿಶೇಷ? ಮಗನಿಗೆ ತಂಗಿ ಬರ್ತಾ ಇದ್ದಾಳಾ?"

"ಇಲ್ರಿ, ಅದಲ್ರಿ. ನಮ್ಮಪ್ಪ ಅನ್‌ಫಿಟ್ ಆದ್ರು!"

ನಾನು ಕೈಗೆತ್ತಿಕೊಂಡಿದ್ದ ಪೇಡ ಅಲ್ಲೇ ನಿಂತಿತು. ತಿನ್ನುವುದೋ, ವಾಪಸ್ ಇಡುವುದೋ? ಅಪ್ಪ ಅನ್‌ಫಿಟ್ ಆದರೆ "ಛೆ ಛೆ" ಅನ್ನಬೇಕು. ಪೇಡ ಕೊಟ್ಟರೆ "ಕಂಗ್ರಾಟ್ಸ್" ಅನ್ನಬೇಕು. ಎರಡೂ ಒಟ್ಟಿಗೆ ಬಂದರೆ ಏನನ್ನಬೇಕು? ಇಷ್ಟು ವರ್ಷ ಆಫೀಸಿನಲ್ಲಿ ಮದುವೆ, ಸೀಮಂತ, ಡ್ರೈವಿಂಗ್ ಲೈಸೆನ್ಸ್ (ಕುವೈತ್‌ನಲ್ಲಿ ಅದಕ್ಕೂ ಸ್ವೀಟ್ ಹಂಚುವಷ್ಟು ಕಷ್ಟ ಇದೆ) ಎಲ್ಲದಕ್ಕೂ ಸಿಹಿ ತಿಂದಿದ್ದೇನೆ. ಅಪ್ಪನ ಆರೋಗ್ಯ ಕೆಟ್ಟಿದ್ದಕ್ಕೆ ತಿಂದದ್ದು ಇದೇ ಮೊದಲು.

ಪಕ್ಕದ ಟೇಬಲ್ಲಿನ ಶೆಟ್ರು, ನಮ್ಮ ಅಕೌಂಟೆಂಟ್, ಮೂಲ್ಕಿ ಕಡೆಯವರು, ಅಷ್ಟರಲ್ಲಾಗಲೇ ಒಂದು ಪೇಡ ಬಾಯಿಗೆ ಹಾಕಿಕೊಂಡಿದ್ದರು. ಅರ್ಧ ನುಂಗಿ, "ಎಂಥ ಮಾರಾಯಾ ನೀನು? ಅಪ್ಪನಿಗೆ ಹುಷಾರಿಲ್ಲ ಅಂತ ಪೇಡ ಹಂಚ್ತೀಯಾ?" ಎಂದು ಕಣ್ಣು ಬಿಟ್ಟರು.

"ಹುಷಾರಿಲ್ಲ ಅಂತಲ್ರಿ ಸಾರ್, ಅನ್‌ಫಿಟ್. ಬೋರ್ಡ್‌ನವ್ರೇ ಅಂದಾರ," ಎಂದ ರಾಜೇಶಂ, ಮಗ ಐಎಎಸ್ ಪಾಸಾದ ಅಪ್ಪನ ಗತ್ತಿನಲ್ಲಿ.

ನನಗೆ ಮೊದಲೇ ಮೂಗು ಉದ್ದ. ಕೂರಿಸಿದೆ. ಕೇಳಿದೆ.

ಮೊದಲು ರಾಜೇಶಂ ಯಾರು ಅಂತ ಹೇಳಿಬಿಡುತ್ತೇನೆ. ನಮ್ಮದು ಎಸಿ ರಿಪೇರಿ, ಮೇಂಟೆನೆನ್ಸ್ ಕಂಪನಿ. ನಾನು ಅದರಲ್ಲಿ ಆಡ್ಮಿನ್. ಹುಡುಗರ ರಜೆ, ಟಿಕೆಟ್ಟು, ಇಕಾಮಾ (ವಾಸದ ಪರವಾನಗಿ, ಅದಿಲ್ಲದೆ ಈ ದೇಶದಲ್ಲಿ ಒಂದು ದಿನವೂ ಇರುವ ಹಾಗಿಲ್ಲ) ಎಲ್ಲ ನನ್ನ ತಲೆ ಮೇಲೆ. ರಾಜೇಶಂ ನಮ್ಮ ಸೀನಿಯರ್ ಟೆಕ್ನಿಷಿಯನ್. ಹಗಲಿಡೀ ಸಲ್ವಾದ ವಿಲ್ಲಾಗಳ ಟೆರೇಸಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಬೇರೆಯವರ ಮನೆ ತಂಪು ಮಾಡುತ್ತಾನೆ. ವಾಸ ಮಹಬೂಲಾದಲ್ಲಿ, ಕಂಪನಿ ರೂಮಿನಲ್ಲಿ, ಬಂಕ್ ಬೆಡ್ಡಿನ ಮೇಲಿನ ಬರ್ತು. ಹೆಂಡತಿ, ಮಗ ಊರಲ್ಲಿ. ಊರು ತೆಲಂಗಾಣದ ಗೋದಾವರಿ ದಂಡೆಯ ಒಂದು ಕಲ್ಲಿದ್ದಲ ಪಟ್ಟಣ. ಅಪ್ಪ ಲಿಂಗಯ್ಯ ಅಲ್ಲಿನ ಗಣಿ ಕಾರ್ಮಿಕ. ಅಮ್ಮ ಮಾತ್ರ ರಾಯಚೂರಿನವರು. ಹಾಗಾಗಿ ಇವನ ಬಾಯಲ್ಲಿ ರಾಯಚೂರು ಕನ್ನಡ, ಕೋಪ ಬಂದಾಗ ತೆಲುಗು, ಕೆಲಸದಲ್ಲಿ ಹಿಂದಿ. "ರಾಜೇಶ್" ಅಂತ ಕರೆದರೆ ತಿರುಗಿ ನೋಡುವುದಿಲ್ಲ. "ರಾಜೇಶಂ ರೀ, ರಾಜೇಶಂ" ಎಂದು ತಿದ್ದಿಯೇ ಮುಂದಿನ ಮಾತು.

ಈಗ ಪೇಡದ ಕಥೆ.

ಅವರ ಗಣಿಯಲ್ಲಿ ಒಂದು ಪದ್ಧತಿ ಇತ್ತಂತೆ. ಅಪ್ಪ ಕೆಲಸ ಮಾಡಲಾರದಷ್ಟು ಹಾಳಾಗಿದ್ದಾನೆ ಅಂತ ಡಾಕ್ಟರುಗಳ ಮೆಡಿಕಲ್ ಬೋರ್ಡು ಹೇಳಿದರೆ, ಆ ಕೆಲಸ ಮಗನಿಗೆ. ಅಪ್ಪ ಗಟ್ಟಿಯಾಗಿದ್ದು ಮರ್ಯಾದೆಯಾಗಿ ರಿಟೈರ್ ಆದರೆ ಮಗನಿಗೆ ಏನೂ ಇಲ್ಲ. ಅಂದರೆ ಆರೋಗ್ಯವಂತ ಅಪ್ಪ ಮನೆಗೆ ನಷ್ಟ!

"ಹಾಗಾದ್ರೆ ನಿಮ್ಮೂರಲ್ಲಿ ಗಂಡಸರು ಕಾಯಿಲೆ ಬರ್ಲಿ ಅಂತ ಹರಕೆ ಹೊತ್ಕೊಳ್ತಾರಾ?" ಎಂದೆ ತಮಾಷೆಗೆ.

"ಹೊತ್ಕೋತಾರ್ರಿ," ಎಂದ ತಮಾಷೆ ಮಾಡದೆ.

ನಡುವೆ ಈ ಪದ್ಧತಿ ನಿಂತುಹೋಗಿತ್ತಂತೆ. ಯಾಕೆಂದರೆ ಕೆಲಸಗಳೇ ಇಲ್ಲ. ನೆಲದೊಳಗಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಈಗೆಲ್ಲ ಮೇಲಿನಿಂದಲೇ ಗುಡ್ಡ ಬಗೆದು ದೊಡ್ಡ ದೊಡ್ಡ ಯಂತ್ರಗಳಲ್ಲಿ ಎತ್ತುತ್ತಾರೆ; ಮೊದಲು ಒಂದು ಶಿಫ್ಟಿಗೆ ಊರಿನ ಅರ್ಧ ಗಂಡಸರು ಇಳಿಯುತ್ತಿದ್ದ ಕಡೆ ಈಗ ಯಂತ್ರ ಓಡಿಸುವ ನಾಲ್ಕು ಜನ ಸಾಕು. ಲಿಂಗಯ್ಯನವರ ಗಣಿಯೂ ಮುಚ್ಚಿ, ಅವರನ್ನು ಇನ್ನೊಂದು ಕಡೆ ಮೇಲಿನ ಕೆಲಸಕ್ಕೆ ಹಾಕಿದ್ದರು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಮುಚ್ಚಿದ್ದೆಲ್ಲ ತೆರೆಯುತ್ತದಲ್ಲ!

ನಾಯಕರೊಬ್ಬರು (ಯಾವ ಪಕ್ಷ ಅಂತ ಕೇಳಬೇಡಿ, ಎದುರು ಪಕ್ಷದವರೂ ಮರುವಾರ ಅದನ್ನೇ ಹೇಳಿದರಂತೆ) ಗಣಿಯ ಗೇಟಿನೆದುರು ಶಾಮಿಯಾನ ಹಾಕಿಸಿ, ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡು ಭಾಷಣ ಮಾಡಿದರು. ಮುಚ್ಚಿದ ಗಣಿ ಮತ್ತೆ ತೆರೆಸುತ್ತೇವೆ. ಅನ್‌ಫಿಟ್ ಆದ ಪ್ರತಿಯೊಬ್ಬ ಕಾರ್ಮಿಕನ ಮಗನಿಗೂ ಕೆಲಸ. ಇದು ನನ್ನ ಮಾತು ಎಂದರು.

ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮಾರನೇ ದಿನದಿಂದ ಊರಿಗೆ ಊರೇ ಕೆಮ್ಮಲು ಶುರು ಮಾಡಿತು.

"ಹಾಗಾದ್ರೆ ನಿನ್ನ ಕಥೆ ಏನೀಗ?" ಎಂದೆ. ಪೇಡದ ಹಿಂದೆ ಇನ್ನೇನೋ ಇದೆ ಅಂತ ನನಗೆ ವಾಸನೆ ಬಡಿದಿತ್ತು.

"ಅದಕ್ಕೇ ಬಂದೀನ್ರಿ. ನನ್ನ ಇಕಾಮಾ ಕ್ಯಾನ್ಸಲ್ ಮಾಡ್ರಿ. ನಾ ಊರಿಗೆ ಹೊಂಟೆ."

ಗಲ್ಫಿನಲ್ಲಿ ಇರುವವರಿಗೆ ಈ "ಕ್ಯಾನ್ಸಲ್" ಅನ್ನುವ ಶಬ್ದದ ತೂಕ ಗೊತ್ತು. ರಜೆಗೆ ಹೋದವನು ಬರುತ್ತಾನೆ. ಕ್ಯಾನ್ಸಲ್ ಮಾಡಿ ಹೋದವನಿಗೆ ಮತ್ತೆ ವೀಸಾ ಬೇಕು, ಏಜೆಂಟ್ ಬೇಕು, ಮೆಡಿಕಲ್ ಬೇಕು, ಅದೃಷ್ಟವೂ ಬೇಕು. ಇಲ್ಲಿ ಈಗ ಎಲ್ಲ ಫೋನಿನ ಆ್ಯಪಿನಲ್ಲೇ. ನಾನು ಈ ಕಡೆಯಿಂದ ಒತ್ತಬೇಕು, ಅವನು ಆ ಕಡೆಯಿಂದ ಒತ್ತಬೇಕು, ಖಲಾಸ್.

"ಆ ಗಣಿ ತೆರೆದಿದ್ದಾರಾ?"

"ತೆರೀತಾರ್ರಿ."

"ನಿನಗೆ ಕೆಲಸದ ಆರ್ಡರ್ ಬಂದಿದೆಯಾ?"

"ಬರ್ತದ್ರಿ. ಆದ್ರ ವಯಸ್ಸಿನ ಲಿಮಿಟ್ ಐತಿ. ಮುಂದಿನ ವರ್ಷ ಆದ್ರ ನನ್ನದು ದಾಟ್ತದ. ಈಗ್ಲೇ ಹೋಗಿ ಲೈನ್‌ನ್ಯಾಗ ನಿಂದ್ರಬೇಕು."

ಶೆಟ್ರಿಗೆ ತಡೆಯಲಿಲ್ಲ. "ನಿನಗೆ ಮಂಡೆ ಸಮ ಉಂಟಾ ಮಾರಾಯಾ? ಇರುವ ಕೆಲಸ ಬಿಟ್ಟು ಇಲ್ಲದ ಕೆಲಸಕ್ಕೆ ಲೈನ್ ನಿಲ್ಲುದಾ?"

ರಾಜೇಶಂ ಮುಖ ಊದಿಸಿಕೊಂಡು, "ಸಾರ್, ಅದು ಪರ್ಮನೆಂಟ್ ಕೆಲಸ," ಎಂದ.

ಪರ್ಮನೆಂಟ್! ಬಂದ್ ಆಗಿರುವ ಗಣಿಯಲ್ಲಿ!

ನಗು ಬಂತು ನನಗೆ. ಆದರೆ ಅವನು ವಿವರಿಸುತ್ತಾ ಹೋದ ಹಾಗೆ ನಗು ಎಲ್ಲಿಗೋ ಹೋಯಿತು. ಗಣಿ ಕೆಲಸ ಅಂದರೆ ಅವರೂರಲ್ಲಿ ಬರೀ ಸಂಬಳ ಅಲ್ಲವಂತೆ. ಇರಲು ಕ್ವಾರ್ಟರ್ಸು. ಹೆಂಡತಿ ಹೆರಿಗೆಗೆ ಕಂಪನಿ ಆಸ್ಪತ್ರೆ. ಮಗನಿಗೆ ಕಂಪನಿ ಸ್ಕೂಲು. ಬ್ಯಾಂಡ್‌ಸೆಟ್ ಸಮೇತ ಹಬ್ಬ. ಹೆಣ್ಣು ಕೇಳಲು ಹೋದರೆ "ಹುಡುಗ ಏನು ಮಾಡ್ತಾನೆ" ಅಂತ ಯಾರೂ ಎರಡನೇ ಸಲ ಕೇಳುವುದಿಲ್ಲ. ಕುವೈತ್‌ನಲ್ಲಿದ್ದಾನೆ ಅಂದರೆ? "ಅಲ್ಲಿ ಏನು ಮಾಡ್ತಾನೆ, ಎಷ್ಟು ವರ್ಷ, ಯಾವಾಗ ವಾಪಸ್ಸು, ಅಲ್ಲೇ ಇನ್ನೊಂದು ಮನೆ ಮಾಡಿದ್ದಾನಾ" ಅಂತ ನೂರೆಂಟು ಪ್ರಶ್ನೆ.

ಶೆಟ್ರು ಲೆಕ್ಕ ಬಿಟ್ಟು ಕುರ್ಚಿ ನಮ್ಮ ಕಡೆ ತಿರುಗಿಸಿದರು. "ನನ್ನ ಅಪ್ಪ ಹಂಚಿನ ಫ್ಯಾಕ್ಟರಿಯಲ್ಲಿದ್ರು," ಎಂದರು. ಅವರು ಮನೆಯ ವಿಷಯ ಹೇಳಿದ್ದು ನಾನು ಕೇಳಿದ್ದೇ ಕಮ್ಮಿ. "ತಾರಸಿ ಮನೆ ಬಂತು, ಹಂಚು ಯಾರಿಗೂ ಬೇಡ ಆಯ್ತು, ಫ್ಯಾಕ್ಟರಿ ಬಂದ್. ಎಲ್ಲಾ ಪಾರ್ಟಿಯವರೂ ಗೇಟಿನ ಹತ್ರ ಬಂದು ತೆರೆಸ್ತೇವೆ ಅಂದ್ರು. ಈಗ ಅಲ್ಲಿ ಅಪಾರ್ಟ್‌ಮೆಂಟು, ಸ್ವಿಮ್ಮಿಂಗ್ ಪೂಲ್ ಸಮೇತ."

"ನಿಮ್ಮಪ್ಪ ನಂಬಿದ್ರಾ ಶೆಟ್ರೆ?"

"ನಂಬದೆ ಎಂಥ ಮಾಡುದು ಮಾರಾಯ್ರೆ? ಸುಮಾರು ಸಮಯ ಬೇರೆ ಕೆಲಸಕ್ಕೇ ಹೋಗ್ಲಿಲ್ಲ. ಗೇಟು ತೆರೆದ ದಿನ ನಾನು ಅಲ್ಲಿ ಇಲ್ಲದಿದ್ರೆ ಅಂತ."

ನೋಡಿ, ಇದು ನನಗೆ ಹೊಸತು. ಭರವಸೆ ಅಂದರೆ ಪುಕ್ಕಟೆ ಮಾಲು, ಕೊಡುವವರಿಗೂ ಖರ್ಚಿಲ್ಲ, ಕೇಳುವವರಿಗೂ ಖರ್ಚಿಲ್ಲ ಅಂತ ನಾನು ತಿಳಿದಿದ್ದೆ. ಭಾಷಣ ಕೇಳಿದೆವು, ನಕ್ಕೆವು, ಮನೆಗೆ ಬಂದೆವು. ಆದರೆ ಕೇಳಿದ್ದನ್ನು ನಂಬಿ, ಇದ್ದ ದಾರಿಗಳನ್ನೆಲ್ಲ ಬಿಟ್ಟು ಗೇಟಿನ ಹತ್ತಿರ ಕಾದು ಕೂರುವವರು ಇರುತ್ತಾರೆ. ಅವರಿಗೆ ಖರ್ಚಾಗುತ್ತದೆ. ಭಾಷಣ ಮಾಡಿದವರು ಅದನ್ನು ಯಾವತ್ತಾದರೂ ಯೋಚನೆ ಮಾಡುತ್ತಾರಾ?

ನಾನು ಆ್ಯಪ್ ತೆರೆಯಲಿಲ್ಲ. "ಒಂದು ಸಲ ಮನೆಗೆ ಫೋನ್ ಹಚ್ಚು, ನಾನೇ ಮಾತಾಡ್ತೇನೆ," ಎಂದೆ. (ಆಡ್ಮಿನ್ ಆಗಿ ಇದು ನನ್ನ ಕೆಲಸ ಅಲ್ಲ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದನ್ನು ನಾನು ಸಂಬಳಕ್ಕೆ ಮಾಡುವುದಿಲ್ಲ, ಹವ್ಯಾಸಕ್ಕೆ ಮಾಡುತ್ತೇನೆ.)

ಮಧ್ಯಾಹ್ನ ಊಟದ ಹೊತ್ತಿಗೆ ವೀಡಿಯೊ ಕಾಲ್. ಆ ಕಡೆ ರಾಜೇಶಂನ ಅಮ್ಮ ನರಸಮ್ಮ. ಹಣೆ ತುಂಬ ಕುಂಕುಮ, ಫೋನನ್ನು ತೀರಾ ಹತ್ತಿರ ಹಿಡಿದಿದ್ದರಿಂದ ನನಗೆ ಕಂಡದ್ದು ಹೆಚ್ಚಾಗಿ ಅದೇ.

"ನಮಸ್ಕಾರ್ರಿ ಯವ್ವಾ. ಊಟ ಆತೇನ್ರಿ? ನಮ್ಮ ಹುಡುಗ ಚಲೋ ಕೆಲಸ ಮಾಡ್ತಾನಿಲ್ರಿ?"

"ತುಂಬ ಚೆನ್ನಾಗಿ ಮಾಡ್ತಾನೆ ಅಮ್ಮ. ಅದಕ್ಕೇ ಬಿಡ್ಲಿಕ್ಕೆ ಮನಸ್ಸಿಲ್ಲ ನಮಗೆ."

ನರಸಮ್ಮನಿಗೆ ಕನ್ನಡ ಮಾತಾಡಲು ಒಬ್ಬರು ಸಿಕ್ಕಿದ್ದೇ ಹಬ್ಬ. ನಾನು ಕೇಳುವ ಮೊದಲೇ ಎಲ್ಲ ಬಿಚ್ಚಿಟ್ಟರು. ಪದ್ಧತಿ ನಿಲ್ಲುವ ಮೊದಲೇ ಎರಡು ಸಲ ಲಿಂಗಯ್ಯ ಬೋರ್ಡಿನ ಮುಂದೆ ಹೋಗಿದ್ದರಂತೆ. ಎರಡು ಸಲವೂ ಫಿಟ್ ಎಂದು ಕಳಿಸಿಬಿಟ್ಟರು.

"ಎಷ್ಟು ಕೆಟ್ಟ ಅನಸ್ತು ಗೊತ್ತೇನ್ರಿ ಯವ್ವಾ? ಆ ದಿನ ಮನ್ಯಾಗ ಒಲಿ ಹಚ್ಚಲಿಲ್ಲ. ಸೊಸಿ ಅತ್ತಳು. ನಾನೂ ಅತ್ತೆ. ಇವ್ರು ಮೂಲ್ಯಾಗ ಕುಂತು 'ನಂದೇನು ತಪ್ಪು, ಅವರು ಫಿಟ್ ಅಂದ್ರು' ಅಂತಾರ."

ಮೂರನೇ ಸಲ ಹಾಗಾಗಬಾರದು ಅಂತ ತಯಾರಿ ಮಾಡಿದ್ದರು. ಅವರ ಬೀದಿಯಲ್ಲಿ ಒಬ್ಬರಿದ್ದಾರಂತೆ, ಹಿಂದೆ ಅನ್‌ಫಿಟ್ ಆಗಿ ಮಗನಿಗೆ ಕೆಲಸ ಕೊಡಿಸಿದವರು. ಅವರೇ ಗುರುಗಳು. ಹೇಗೆ ಉಬ್ಬಸ ಪಡಬೇಕು, ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲಬೇಕು, ಕೇಳಿದ್ದನ್ನು ಕೇಳಿಸಲಿಲ್ಲ ಅಂತ ಹೇಗೆ ಮುಖ ಮಾಡಬೇಕು. ಸಂಜೆ ಹೊತ್ತು ಇಡೀ ಕುಟುಂಬ ಕೂತು ಲಿಂಗಯ್ಯನವರ ಕೆಮ್ಮಿಗೆ ಮಾರ್ಕ್ಸ್ ಹಾಕುತ್ತಿತ್ತು. "ಇಷ್ಟಕ್ಕ ಯಾರೂ ನಂಬಂಗಿಲ್ಲ, ಇನ್ನ ಒಳಗಿಂದ ತಗೀರಿ" ಅಂತ ಮೊಮ್ಮಗನೂ ಹೇಳಿಕೊಡುತ್ತಿದ್ದನಂತೆ.

ನಾನು, ಶೆಟ್ರು, ರಾಜೇಶಂ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನರಸಮ್ಮನೂ ನಕ್ಕರು. ನಗುವಿನ ಹಿಂದೆ, ಆ ಕಡೆ ಮನೆಯೊಳಗೆ ಎಲ್ಲೋ ಒಂದು ಕೆಮ್ಮು ಕೇಳುತ್ತಿತ್ತು.

"ಡಾಕ್ಟ್ರು ಏನಾಗಿದೆ ಅಂದ್ರು ಅಮ್ಮ?" ಎಂದೆ.

"ಅನ್‌ಫಿಟ್ ಅಂದ್ರಲ್ರಿ."

"ಅದಲ್ಲ. ಏನು ಕಾಯಿಲೆ ಅಂದ್ರು?"

ನರಸಮ್ಮ ಮಗನ ಮುಖ ಹುಡುಕಿದರು. ರಾಜೇಶಂ ನನ್ನ ಮುಖ ನೋಡಿದ. ಅದನ್ನು ಅವರು ಯಾರೂ ಕೇಳಿರಲಿಲ್ಲ. ಪರೀಕ್ಷೆ ಪಾಸಾದ ಮೇಲೆ ಯಾವ ಪ್ರಶ್ನೆಗೆ ಎಷ್ಟು ಮಾರ್ಕು ಅಂತ ಯಾರು ಕೇಳುತ್ತಾರೆ?

"ಅದೇನೋ ಗೊತ್ತಿಲ್ರಿ ಯವ್ವಾ," ಎಂದರು ನರಸಮ್ಮ ನಿಧಾನಕ್ಕೆ. "ಪಾಸ್ ಆತಲ್ಲ, ಇನ್ನ ಕೆಮ್ಮೋದು ಬಿಡ್ರಿ ಅಂತ ದಿನಾ ಬೈತೀನಿ. ಇವ್ರು ಬಿಡವಲ್ರು."

ಆ ಕಡೆ ಕೆಮ್ಮು ಇನ್ನೂ ನಡೆದೇ ಇತ್ತು. ರಾಜೇಶಂ ಫೋನಿನೊಳಗೆ ತೆಲುಗಿನಲ್ಲಿ ಜೋರಾಗಿ ಏನೋ ಕೂಗಿದ. ಅಪ್ಪನನ್ನು ಮುಂದೆ ಕರೆ ಅಂತ ಇರಬೇಕು. ಲಿಂಗಯ್ಯ ಬಂದು ಕೂತರು. ಬನಿಯನ್ನು, ನರೆತ ಮೀಸೆ. ನನಗೆ ಕೈ ಮುಗಿದರು, ಏನೋ ಹೇಳಲು ಬಾಯಿ ತೆರೆದರು, ಕೆಮ್ಮು ಹೇಳಗೊಡಲಿಲ್ಲ. ಕೈಯಲ್ಲೇ "ಏನಿಲ್ಲ, ಏನಿಲ್ಲ" ಅಂದರು.

ಆಗಷ್ಟೇ ಅದೇ ಕೆಮ್ಮಿಗೆ ನಕ್ಕಿದ್ದೆವಲ್ಲ!

"ಕ್ಯಾನ್ಸಲ್ ಬೇಡ. ರಜೆ ಮೇಲೆ ಹೋಗು," ಎಂದೆ ರಾಜೇಶಂಗೆ. "ಮೊದಲು ಅಪ್ಪನನ್ನು ದೊಡ್ಡ ಆಸ್ಪತ್ರೆಗೆ ತೋರಿಸು. ಗಣಿ ನಿಜವಾಗಿ ತೆರೆದ ದಿನ ನನಗೆ ಮೆಸೇಜ್ ಹಾಕು, ಅವತ್ತೇ ಕ್ಯಾನ್ಸಲ್ ಮಾಡಿ ಕೊಡ್ತೇನೆ."

ಅವನು ಒಪ್ಪಿದನಾ? ಮೊದಲ ದಿನ ಇಲ್ಲ. ಎರಡನೇ ದಿನವೂ ಇಲ್ಲ. ರಜೆ ಮೇಲೆ ಬಂದಿದ್ದಾನೆ ಅಂದರೆ ಇವನಿಗೆ ಕುವೈತ್‌ನಲ್ಲಿ ಕೆಲಸ ಇದೆ ಅಂತ ಊರಲ್ಲಿ ಲೈನಿನಿಂದ ತೆಗೆದರೆ? ಅಪ್ಪನ ಕೆಲಸ ಹೇಗೂ ಹೋಯಿತು, ನನ್ನದೂ ಬರದಿದ್ದರೆ? ಅವನ ಭಯ ಸುಳ್ಳಲ್ಲ. ಕೊನೆಗೆ ಶೆಟ್ರು "ನೀನು ಕುವೈತ್‌ನಲ್ಲಿ ಎಸಿ ಟೆಕ್ನಿಷಿಯನ್ ಅಂತ ನಿನ್ನ ಹಣೆಯಲ್ಲಿ ಬರೆದಿಟ್ಟಿದ್ದಾರಾ? ಸುಮ್ನೆ ಹೋಗಿ ನಿಂತ್ಕೊ" ಎಂದು ಗದರಿಸಿದ ಮೇಲೆ ತಲೆ ಆಡಿಸಿದ.

ಈಗ ಇನ್ನೊಂದು ಫಜೀತಿ. ಬೇಸಿಗೆಯಲ್ಲಿ ಎಸಿ ಟೆಕ್ನಿಷಿಯನ್‌ಗೆ ರಜೆ! ಕುವೈತ್‌ನಲ್ಲಿ! ಅದನ್ನು ಕೇಳಲು ನಾನು ನಮ್ಮ ಕುವೈತಿ ಬಾಸ್ ಅಬು ಫಹದ್ ಕ್ಯಾಬಿನ್‌ಗೆ ಹೋದಾಗ ಅವರು ಒಂದು ಫೋನಿನಲ್ಲಿ ಗಿರಾಕಿಯನ್ನು ಸಮಾಧಾನ ಮಾಡುತ್ತಾ, ಇನ್ನೊಂದು ಫೋನು ಹೊಡೆದುಕೊಳ್ಳುವುದನ್ನು ನೋಡುತ್ತಾ ಕೂತಿದ್ದರು. ನಾನು "ರಜೆ" ಅಂದದ್ದೇ ತಡ, "ಖಲಾಸ್! ಇವತ್ತು ನನ್ನನ್ನು ಕೊಲ್ಲಲು ಬಂದಿದ್ದೀಯಾ?" ಎಂದರು.

ಕಥೆ ಹೇಳಿದೆ. ಗಣಿ, ಬೋರ್ಡು, ಪೇಡ, ಕೆಮ್ಮು. ಅಬು ಫಹದ್ ಒಳ್ಳೆ ಕೇಳುಗರು. ಕೇಳಿ ಮುಗಿಸಿ, ಎರಡೂ ಫೋನು ಮಗುಚಿ ಹಾಕಿದರು.

"ನಮ್ಮಜ್ಜ ಮುತ್ತು ತೆಗೆಯಲು ಸಮುದ್ರಕ್ಕಿಳಿಯುತ್ತಿದ್ದವರು, ಗೊತ್ತಾ? ಮೂಗಿಗೆ ಚಿಮಟ, ಕಾಲಿಗೆ ಕಲ್ಲು. ಮುದುಕ ಆಗುವ ಹೊತ್ತಿಗೆ ಕಿವಿ ಕೇಳಿಸುತ್ತಿರಲಿಲ್ಲ, ಉಸಿರು ಎಳೆದರೆ ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಆಮೇಲೆ ಜಪಾನಿನವರು ಮುತ್ತು ಬೆಳೆಸಲು ಕಲಿತರು. ಇಲ್ಲಿ ದೋಣಿಗಳೆಲ್ಲ ದಡದ ಮೇಲೆ."

"ಆವಾಗ ಯಾರೂ ಮುತ್ತಿನ ಕೆಲಸ ವಾಪಸ್ ತರ್ತೇವೆ ಅನ್ನಲಿಲ್ವಾ?" ನನ್ನ ಕುತೂಹಲ.

ಅವರು ನಕ್ಕರು. "ಎಣ್ಣೆ ಬಂತಲ್ಲ ಸಿಸ್ಟರ್. ಎಣ್ಣೆ ಬಂದ ಮೇಲೆ ಮುತ್ತು ಯಾರಿಗೆ ಬೇಕು?"

"ಬಾರದೇ ಇದ್ದಿದ್ದರೆ?"

ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಬಾರದೇ ಇದ್ದಿದ್ದರೆ ಅಜ್ಜ ನನ್ನಪ್ಪನನ್ನೂ ಅದೇ ದೋಣಿ ಹತ್ತಿಸುತ್ತಿದ್ದರು. ಮುತ್ತು ವಾಪಸ್ ಬರುತ್ತದೆ ಅಂತ ಯಾರು ಹೇಳಿದ್ದರೂ ನಂಬುತ್ತಿದ್ದರು. ಬೇರೆ ಏನು ಇತ್ತು ನಂಬಲು?"

ಆಮೇಲೆ, "ಯಲ್ಲಾ, ಆಯ್ತು, ಕಳಿಸು ಅವನನ್ನು. ಆದರೆ ವಾಪಸ್ ಬರಬೇಕು," ಎಂದು ರಿಂಗಾಗುತ್ತಿದ್ದ ಫೋನು ಎತ್ತಿಕೊಂಡರು.

ರಾಜೇಶಂ ಹೋದ. ನಾನು ಇಲ್ಲಿ ಗಿರಾಕಿಗಳ ಬೈಗುಳ ತಿಂದೆ. ನಾವಿರುವ ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನ ಎಸಿ ಕೈಕೊಟ್ಟಾಗ (ಹೌದು, ಎಸಿ ಕಂಪನಿಯ ಆಡ್ಮಿನ್ ಮನೆಯ ಎಸಿಯೇ ಕೆಡುವುದು) ಮಗಳು "ಅಮ್ಮ, ವೆನ್ ಈಸ್ ರಾಜೇಶಂ ಅಂಕಲ್ ಕಮಿಂಗ್ ಬ್ಯಾಕ್?" ಎಂದು ದಿನಕ್ಕೆ ಹತ್ತು ಸಲ ಕೇಳಿದಳು. ನನಗೂ ಅದೇ ಪ್ರಶ್ನೆ. ಬರುತ್ತಾನಾ? ಅಥವಾ ಗೇಟಿನ ಹತ್ತಿರ ಕೂತುಬಿಡುತ್ತಾನಾ?

ಅವನ ವಾಯ್ಸ್ ಮೆಸೇಜುಗಳು ಬರುತ್ತಿದ್ದವು. ಅಪ್ಪನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದ. ಧೂಳು ಶ್ವಾಸಕೋಶದಲ್ಲಿ ಕೂತುಬಿಟ್ಟಿದೆಯಂತೆ, ಈಗಿನದಲ್ಲ, ಬಹಳ ಹಿಂದಿನದು. ಹೋಗುವುದಿಲ್ಲ, ಹೆಚ್ಚಾಗದ ಹಾಗೆ ನೋಡಿಕೊಳ್ಳಬೇಕಷ್ಟೆ. "ಹಿಂದಿನ ಎರಡು ಸಲ ಬೋರ್ಡ್‌ನವ್ರು ಫಿಟ್ ಅಂದಾಗೂ ಇದು ಒಳಗ ಇತ್ತಂತ್ರಿ ಮೇಡಂ," ಎಂದ. ದನಿಯಲ್ಲಿ ಸಿಟ್ಟಿತ್ತಾ, ಅಳು ಇತ್ತಾ, ಫೋನಿನಲ್ಲಿ ಗೊತ್ತಾಗಲಿಲ್ಲ. ನನಗಂತೂ ಎರಡೂ ಬಂತು. ಇಡೀ ಮನೆ ಕೂತು ಮಾರ್ಕ್ಸ್ ಹಾಕಿದ ಆ ಕೆಮ್ಮಿನಲ್ಲಿ ನಾಟಕ ಎಷ್ಟಿತ್ತು, ನಿಜ ಎಷ್ಟಿತ್ತು ಅಂತ ಪಾಪ ಲಿಂಗಯ್ಯನವರಿಗಾದರೂ ಗೊತ್ತಿತ್ತಾ?

ಮುಂದಿನ ಮೆಸೇಜಿನಲ್ಲಿ ಗಣಿಯ ವಿಷಯ. ಆಸ್ಪತ್ರೆಯಿಂದ ಬಂದವನು ತಾನೇ ಹೋಗಿ ನೋಡಿದನಂತೆ. ಗೇಟಿಗೆ ಹೊಸ ಪೇಂಟು. ಭೂಮಿಪೂಜೆ ಆಗಿದೆ; ಒಬ್ಬರದ್ದಲ್ಲ, ಎರಡು ಪಕ್ಷದವರದ್ದೂ, ಪಕ್ಕ ಪಕ್ಕ ಎರಡು ಕಲ್ಲು. ಒಳಗೆ ಇಳಿಯುವ ಬಾಯಿಯ ತನಕ ನೀರು ನಿಂತಿದೆ. ಪಂಪು ಎಲ್ಲಿ ಅಂತ ಕಾವಲುಗಾರನನ್ನು ಕೇಳಿದ್ದಕ್ಕೆ, ಯಾವಾಗಲೋ ಬಿಚ್ಚಿ ಬೇರೆ ಕಡೆ ಸಾಗಿಸಿದರು ಅಂದನಂತೆ. ಆಫೀಸಿನಲ್ಲಿ ವಿಚಾರಿಸಿದರೆ, ಅನ್‌ಫಿಟ್ ಆದವರ ಮಕ್ಕಳಿಗೆಲ್ಲ ಖಂಡಿತ ಕೆಲಸ ಇದೆ, ಆದರೆ ಜಾಗ ಖಾಲಿ ಆಗಬೇಕು. ಜಾಗ ಖಾಲಿ ಆಗಲು ಗಣಿ ತೆರೆಯಬೇಕು. ಗಣಿ ತೆರೆಯುವುದು ಮೇಲಿನವರ ಕೈಲಿದೆ. ಮೇಲಿನವರು ಅಂದರೆ ಯಾರು ಅಂತ ಕೇಳಿದ್ದಕ್ಕೆ ಅವರು ಸೀಲಿಂಗ್ ಫ್ಯಾನ್ ನೋಡಿದರಂತೆ.

ಒಟ್ಟು ಏನಾಯಿತು? ಮಗನಿಗೆ ಕೆಲಸ ಸಿಗಲಿ ಅಂತ ಅಪ್ಪ ಕೆಲಸ ಬಿಟ್ಟರು. ಅಪ್ಪನದ್ದು ಹೋಯಿತು, ಮಗನದ್ದು ಬರಲಿಲ್ಲ. ಕುವೈತ್‌ನ ಕೆಲಸವೂ ಕ್ಯಾನ್ಸಲ್ ಆಗಿದ್ದರೆ ಆ ಮನೆಯಲ್ಲಿ ದುಡಿಯುವವರು ಯಾರೂ ಇರುತ್ತಿರಲಿಲ್ಲ.

ಮೊನ್ನೆ ರಾಜೇಶಂ ವಾಪಸ್ ಬಂದ. ಸ್ವಲ್ಪ ಇಳಿದಿದ್ದಾನೆ. ನರಸಮ್ಮ ನನಗೆ ಅಂತ ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿದ್ದರು. ಕೊಟ್ಟ. ಕೂತ. ನಾನು ಚಹಾ ತರಿಸಿದೆ.

"ಅಪ್ಪ ಹೇಗಿದ್ದಾರೆ?"

"ಗುಳಿಗಿ ನಡದಾವ್ರಿ. ಮಲಗುವಾಗ ದಿಂಬು ಎತ್ತರ ಬೇಕು. ಹಂಗ ಇದ್ದಾರ."

"ಆ ಲೀಡರ್ ಮೇಲೆ ಸಿಟ್ಟು ಬರೋದಿಲ್ವಾ ನಿನಗೆ?"

ಯೋಚನೆ ಮಾಡಿದ. "ಬರ್ತದ್ರಿ. ಆದ್ರ ಅವರು ಬಂದ್ರು ನೋಡ್ರಿ. ಬಿಸಲಾಗ ಬಂದು, ನಮ್ಮ ಓಣ್ಯಾಗ ಕುಂತು, ನಿಮಗೇನು ಬೇಕು ಅಂತ ಕೇಳಿದ್ರು. ಗಣಿ ಮುಚ್ಚಿದಾಗ ಯಾರೂ ಬಂದು ಕೇಳಿದ್ದಿಲ್ಲ."

ನನಗೆ ಬಂದ ಸಿಟ್ಟು ಅವನ ಮೇಲೋ, ಲೀಡರ್ ಮೇಲೋ ತಿಳಿಯಲಿಲ್ಲ. "ಕೇಳಿದ್ರು ಸರಿ ಮಾರಾಯಾ! ಕೊಟ್ಟದ್ದೇನು? ಕಲ್ಲು! ಅದೂ ಎರಡು!" ಎಂದು ದನಿ ಏರಿಸಿದೆ. ಶೆಟ್ರು ತಲೆ ಎತ್ತಿ ನೋಡಿದರು.

ರಾಜೇಶಂ ಚಹಾ ಕುಡಿಯುತ್ತಿದ್ದ. ನಾನು ತಣ್ಣಗಾಗಿ, ಕೇಳಬಾರದು ಅಂದುಕೊಂಡರೂ ಕೇಳಿಬಿಟ್ಟೆ. "ನಾಳೆ ನಿಜವಾಗಿ ಗಣಿ ತೆರೆದು ನಿನ್ನನ್ನು ಕರೆದರೆ? ಅಪ್ಪನ ಎದೆಯ ಎಕ್ಸ್‌ರೇ ನೀನೇ ನೋಡಿದ್ದೀಯಲ್ಲ. ಹೋಗ್ತೀಯಾ?"

"ಹೋಗ್ತೀನ್ರಿ."

ಒಂದು ಕ್ಷಣವೂ ತಡಮಾಡಲಿಲ್ಲ.

"ಯಾಕೋ?"

ಲೋಟ ಕೆಳಗಿಟ್ಟ. ಸಿಟ್ಟಿಲ್ಲದೆ, ನನಗೆ ಅರ್ಥವಾಗಲಿ ಅಂತ, ಒಂದೊಂದೇ ಮಾತು ಹೇಳಿದ.

"ನಮ್ಮಪ್ಪ ಎಲ್ಲಾ ಗೊತ್ತಿದ್ದೂ, ತಾ ಮಾಡೋ ಕೆಲಸ ತನ್ನ ಮಗನಿಗೆ ಸಿಗ್ಲಿ ಅಂದಾರ್ರಿ. ನನಗೂ ಒಬ್ಬ ಮಗ ಇದ್ದಾನ. ಮಹಬೂಲಾದಾಗ ಆ ಮ್ಯಾಲಿನ ಬರ್ತಿನ್ಯಾಗ ಮಲಗಿ ಇಷ್ಟು ವರ್ಷ ಆತು, ನನ್ನ ಕೆಲಸ ಅವನಿಗೆ ಸಿಗ್ಲಿ ಅಂತ ಒಂದಿನಾನೂ ಅನಿಸಿಲ್ರಿ."

ಅವನು ಎದ್ದು ಟೂಲ್ ಬ್ಯಾಗ್ ತೆಗೆದುಕೊಂಡು ಸಲ್ವಾಕ್ಕೆ ಹೊರಟ. ಅಲ್ಲಿ ಒಂದು ವಿಲ್ಲಾದವರು ಬೆಳಗ್ಗಿನಿಂದ ಬಾಯಿ ಬಡಿದುಕೊಳ್ಳುತ್ತಿದ್ದರು.

ಶೆಟ್ರು ಕಂಪ್ಯೂಟರ್ ನೋಡುತ್ತಾ ಕೂತಿದ್ದರು. ಅವರ ಮಗ ಮಂಗಳೂರಿನಲ್ಲಿ ಬಿಕಾಂ. "ಶೆಟ್ರೆ, ನಿಮ್ಮ ಈ ಕುರ್ಚಿ ಮಗನಿಗೆ ಸಿಗ್ಲಿ ಅಂತ ನಿಮಗೆ ಉಂಟಾ?" ಎಂದೆ. "ಅಯ್ಯೋ, ಬಿಡ್ತು ಅನ್ನಿ ಮಾರಾಯ್ರೆ!" ಎಂದರು. ನಾನು ನನ್ನ ಕುರ್ಚಿ ನೋಡಿಕೊಂಡೆ. ಎಸಿ ಇದೆ, ಚಕ್ರ ಇದೆ, ಕಿಟಕಿಯಿಂದ ಸಮುದ್ರದ ಒಂದು ಚೂರೂ ಕಾಣುತ್ತದೆ. ಮಗಳು ಇಲ್ಲಿ ಕೂರಬಾರದು ಅಂತಲೇ ಅಲ್ಲವಾ ನಾನು ಇಲ್ಲಿ ಕೂತಿರುವುದು?

ನೆಲದೊಳಗಿನ ಗಣಿಗಳ ಕಾಲ ಮುಗಿಯಿತು, ಆ ಗಣಿ ತೆರೆಯುವುದಿಲ್ಲ, ಆ ನಾಯಕರು ಹೇಳಿದ್ದು ಹಸಿ ಸುಳ್ಳು. ಇದೆಲ್ಲ ನನಗೆ ಗೊತ್ತು, ಈಗ ರಾಜೇಶಂಗೂ ಗೊತ್ತು. ಆದರೆ ಆ ಸುಳ್ಳು ಯಾಕೆ ಅಷ್ಟು ಚೆನ್ನಾಗಿ ಮಾರಾಟವಾಗುತ್ತದೆ ಅಂತ ನಾನು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಈಗ ಆ ಪ್ರಶ್ನೆ ಬಿಟ್ಟು ಬೇರೆಯದೇ ಒಂದು ಹಿಡಿದುಕೊಂಡಿದೆ. ನಿಮ್ಮನ್ನೇ ಕೇಳುತ್ತೇನೆ.

ನೀವು ಈಗ ಮಾಡುತ್ತಿರುವ ಕೆಲಸ ನಿಮ್ಮ ಮಕ್ಕಳಿಗೂ ಸಿಗಲಿ ಅಂತ ನಿಮಗೆ ಒಂದು ದಿನವಾದರೂ ಅನಿಸಿದೆಯಾ?